ಟೆರೇಸಿನ ಕುಂಡಗಳಲ್ಲಿ ಹಿತ್ತಿಲ ಹೂದೋಟ: ಬೆಂಗಳೂರಿನ ಹವೆಗೆ ಒಂದು ಯೋಜನೆ

ಕಾಟೇಜ್ ಗಾರ್ಡನ್ ಎಂಬ ಮಾತು ಬಂದದ್ದು ಇಂಗ್ಲೆಂಡಿನ ಹಳ್ಳಿಮನೆಗಳಿಂದ. ಮನೆ ಮುಂದಿನ ಅಂಗೈಯಗಲ ಜಾಗದಲ್ಲಿ ಸೊಪ್ಪು, ಮದ್ದಿನ ಗಿಡ, ಹೂವು ಎಲ್ಲವೂ ಒಂದಕ್ಕೊಂದು ಒತ್ತಿಕೊಂಡು ಬೆಳೆಯುವ ತೋಟ ಅದು. ನಮಗೇನೂ ಇದು ಹೊಸದಲ್ಲ. ಮಲೆನಾಡಿನ ಮನೆಯಂಗಳದಲ್ಲಿ ಡೇರೆ, ಕರ್ಣಕುಂಡಲ, ಸೇವಂತಿಗೆ, ಅವುಗಳ ಸಂದಿಯಲ್ಲಿ ದೊಡ್ಡಪತ್ರೆ, ಕಾಮಕಸ್ತೂರಿ ಇರುವುದು ಇದೇ ಬಗೆಯಲ್ಲಿ.

ಇದನ್ನು ಟೆರೇಸಿಗೆ ತರಲು ಹೊರಟವರಲ್ಲಿ ಹೆಚ್ಚಿನವರು ಎಡವುವುದು ಮೊದಲ ದಿನವೇ. ಎಂಟು ಇಂಚಿನ ಕುಂಡ ಇಪ್ಪತ್ತೈದು ಕೊಂಡು, ಒಂದೊಂದರಲ್ಲಿ ಒಂದೊಂದು ಗಿಡ ನೆಟ್ಟು ಸಾಲಾಗಿ ಇಡುತ್ತಾರೆ. ಅದು ನೋಡಲು ನರ್ಸರಿಯ ಹಾಗಿರುತ್ತದೆ, ತೋಟದ ಹಾಗಲ್ಲ. ಏಪ್ರಿಲ್ ಬಂದಾಗ ದಿನಕ್ಕೆರಡು ಸಲ ನೀರು ಕೇಳುತ್ತದೆ. ಹಿತ್ತಿಲ ದಟ್ಟಣೆ ಬೇಕಾದರೆ ಕುಂಡಗಳ ಸಂಖ್ಯೆ ಕಡಿಮೆ ಮಾಡಿ, ಗಾತ್ರ ಹೆಚ್ಚಿಸಿ, ಒಂದೊಂದು ಕುಂಡದಲ್ಲಿ ಮೂರು ಜಾತಿ ಸೇರಿಸಿ ನೆಡಬೇಕು. ಈಗಿನ ಹೂವು ಮುಗಿಯುವ ಮೊದಲೇ ಮುಂದಿನ ಕಂತಿನ ಸಸಿ ಟ್ರೇಯಲ್ಲಿ ತಯಾರಿರಬೇಕು. ಇಲ್ಲಿನ ಲೆಕ್ಕವೆಲ್ಲ 10 ಅಡಿ ಅಗಲ, 12 ಅಡಿ ಉದ್ದದ ಟೆರೇಸಿನ ಮೂಲೆಗೆ. ಬಾಲ್ಕನಿಯಾದರೆ ಇದರ ಮೂರನೇ ಒಂದು ಭಾಗ ಸಾಕು.

ಬಿಸಿಲು, ಗಾಳಿ, ಭಾರ

ಒಂದು ಕುಂಡವನ್ನೂ ಕೊಳ್ಳುವ ಮೊದಲು ಒಂದು ಸೀಮೆಸುಣ್ಣ ಹಿಡಿಯಿರಿ. ಬೆಳಿಗ್ಗೆ 8, 10, ಮಧ್ಯಾಹ್ನ 12, 2, 4 ಗಂಟೆಗೆ ನೆರಳಿನ ಅಂಚನ್ನು ನೆಲದ ಮೇಲೆ ಗೆರೆ ಎಳೆದು ಗುರುತಿಸಿ. ದಿನಕ್ಕೆ ಒಟ್ಟು ಆರು ಗಂಟೆ ಬಿಸಿಲು ಬೀಳುವ ಜಾಗ ಹೂವಿನ ಗಿಡಗಳಿಗೆ. ನಾಲ್ಕು ಗಂಟೆ ಇದ್ದರೆ ಕನಕಾಂಬರ, ಕರ್ಣಕುಂಡಲ, ಟೊರೇನಿಯಾ ನಡೆಯುತ್ತವೆ. ಅದಕ್ಕಿಂತ ಕಡಿಮೆ ಇರುವಲ್ಲಿ ಹೂವಿನ ಆಸೆ ಬಿಟ್ಟು ಬಿಗೋನಿಯಾ, ಜರೀಗಿಡ ಇಡಿ.

ಒಂದು ದಿನದ ಗೆರೆ ವರ್ಷಕ್ಕೆಲ್ಲ ಸಾಲದು. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕಿರುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲಿ, ಮಧ್ಯಾಹ್ನದಲ್ಲೂ 53 ಡಿಗ್ರಿ ಎತ್ತರದಲ್ಲೇ ನಿಲ್ಲುತ್ತಾನೆ. ಹಾಗಾಗಿ ದಕ್ಷಿಣದ ಪ್ಯಾರಾಪೆಟ್ ಗೋಡೆ ಮೂರು ಅಡಿ ಇದ್ದರೆ, ಡಿಸೆಂಬರಿನ ನಡುಮಧ್ಯಾಹ್ನವೂ ಅದರ ಬುಡದಿಂದ ಎರಡು ಅಡಿಗೂ ಹೆಚ್ಚು ದೂರ ನೆರಳು. ಹೂವಿಗೆ ಅತ್ಯುತ್ತಮ ತಿಂಗಳುಗಳಲ್ಲೇ ಅಲ್ಲಿನ ಕುಂಡಗಳು ಬಿಸಿಲಿಲ್ಲದೆ ಸೊರಗುತ್ತವೆ. ದಕ್ಷಿಣ ಗೋಡೆಯ ಬುಡದಲ್ಲಿ ಗಿಡ್ಡ ಗಿಡ ಇಡಬೇಡಿ. ಅಲ್ಲಿಗೆ ಗೋಡೆ ಮೀರಿ ಏರುವ ಬಳ್ಳಿಯೇ ಸರಿ: ಶಂಖಪುಷ್ಪ, ಜಾಜಿ. ಮುಖ್ಯ ಸಾಲು ಪಶ್ಚಿಮ ಮತ್ತು ಉತ್ತರ ಗೋಡೆಗಳ ಪಕ್ಕಕ್ಕೆ 'ಎಲ್' ಆಕಾರದಲ್ಲಿ ಬರಲಿ.

ಪಶ್ಚಿಮ ಗೋಡೆಯ ಪಕ್ಕಕ್ಕೆ ಇಡಲು ಇನ್ನೊಂದು ಕಾರಣ ಆಷಾಢದ ಗಾಳಿ. ಜೂನ್, ಜುಲೈಯಲ್ಲಿ ಇಲ್ಲಿ ಗಾಳಿ ಪಶ್ಚಿಮ, ನೈಋತ್ಯದಿಂದ ಒಂದೇ ಸಮನೆ ಬೀಸುತ್ತದೆ. ಬಯಲಲ್ಲಿಟ್ಟ ಮೂರಡಿ ಕಾಸ್ಮೋಸ್ ಒಂದೇ ರಾತ್ರಿಯಲ್ಲಿ ಮಲಗುತ್ತದೆ. ಗೋಡೆಯ ಮರೆ ಇದ್ದರೆ ಅರ್ಧ ಕಷ್ಟ ತಪ್ಪಿತು. ಕಂಬಿಯಿರುವ ಬಾಲ್ಕನಿಯಲ್ಲಿ ಕುಂಡಗಳನ್ನು ಕಂಬಿಯ ಒಳಮಗ್ಗುಲಿಗೇ ಕಟ್ಟಿ. ಹೊರಗೆ ತೂಗುಹಾಕಿದ ಕುಂಡ ಕೆಳಗೆ ಓಡಾಡುವವರ ತಲೆಗೆ ಅಪಾಯ.

ಇನ್ನು ಭಾರ. ಜನ ಓಡಾಡುವ ಸಪಾಟು ತಾರಸಿಗೆ ಐಎಸ್ 875 (ಕಟ್ಟಡಗಳ ಭಾರದ ಭಾರತೀಯ ಮಾನಕ) ಲೆಕ್ಕಕ್ಕೆ ಹಿಡಿಯುವ ಭಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಸುಮಾರು 150 ಕೆಜಿ. ಕೆಳಗೆ ಹೇಳುವ ಮಣ್ಣಿನ ಮಿಶ್ರಣ ಪೂರ್ತಿ ನೀರು ಕುಡಿದಾಗ ಲೀಟರಿಗೆ ಸುಮಾರು 1.3 ಕೆಜಿ ತೂಗುತ್ತದೆ. 16 ಇಂಚಿನ ಒಂದು ಕುಂಡಕ್ಕೆ 50 ಕೆಜಿ ದಾಟಿತು. ನಮ್ಮ ಯೋಜನೆಯ ಎಲ್ಲ ಕುಂಡ ಸೇರಿ 340 ಕೆಜಿ. 10×12 ಅಡಿಗೆ ಹರಡಿದರೆ ಇದು ದೊಡ್ಡ ಭಾರವೇ ಅಲ್ಲ. ಆದರೆ ಇದನ್ನೆಲ್ಲ ನಾಲ್ಕಡಿ ಚೌಕದ ಮೂಲೆಗೆ ಗುಡ್ಡೆ ಹಾಕಿದರೆ ಚದರ ಮೀಟರಿಗೆ 220 ಕೆಜಿ ಮೀರುತ್ತದೆ. ಹಾಗಾಗಿ ದೊಡ್ಡ ಕುಂಡಗಳು ಗೋಡೆ ಅಥವಾ ತೊಲೆಯ ನೇರಕ್ಕೆ, ಒಂದಕ್ಕೊಂದು ದೂರದಲ್ಲಿರಲಿ. ಕಂಬದ ಆಸರೆಯಿಲ್ಲದೆ ಹೊರಚಾಚಿದ ಬಾಲ್ಕನಿಯ ಹೊರ ಅಂಚಿಗೆ 16 ಇಂಚಿನದು ಬೇಡವೇ ಬೇಡ. ಮರದ ತೊಲೆಯ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಸಿದ ಹಳೆಯ ಮದ್ರಾಸ್ ತಾರಸಿ ಇದ್ದರೆ ಎಂಜಿನಿಯರರನ್ನು ಕೇಳದೆ ಮುಂದುವರಿಯಬೇಡಿ.

ಕುಂಡ ಮತ್ತು ಮಣ್ಣು

ಬೇಕಾದದ್ದು ಇಷ್ಟು: 16 ಇಂಚಿನ ಮೂರು (ಒಂದೊಂದು 40 ಲೀಟರ್), 12 ಇಂಚಿನ ಆರು (16 ಲೀಟರ್), 8 ಇಂಚಿನ ನಾಲ್ಕು (5 ಲೀಟರ್), ಎರಡಡಿ ಉದ್ದದ ಕಿಟಕಿ ತೊಟ್ಟಿ ಎರಡು (12 ಲೀಟರ್). ಒಟ್ಟು 260 ಲೀಟರ್. ದೊಡ್ಡವು ಗ್ರೋ ಬ್ಯಾಗ್ ಅಥವಾ ಪ್ಲಾಸ್ಟಿಕ್ ಆಗಿರಲಿ. ಸಿಮೆಂಟ್ ಕುಂಡ ಖಾಲಿಯಿದ್ದಾಗಲೇ ಅನಗತ್ಯ ಭಾರ. ಮಣ್ಣಿನ ಕುಂಡ ನೋಡಲು ಚೆಂದ, ಬೇರಿಗೂ ಹಿತ, ಆದರೆ ಮೈಯೆಲ್ಲ ನೀರು ಆರಿಸಿಕೊಳ್ಳುವುದರಿಂದ ಬೇಸಿಗೆಯಲ್ಲಿ ಬೇಗ ಒಣಗುತ್ತದೆ. ಮುಂದಿನ ಸಾಲಿಗೆ ನಾಲ್ಕೈದು ಮಣ್ಣಿನವು ಇಟ್ಟು, ಹಿಂದಿನವು ಪ್ಲಾಸ್ಟಿಕ್ ಇರಲಿ. ಗಿಡ ಇಳಿಬಿದ್ದ ಮೇಲೆ ಹಿಂದಿನದು ಕಾಣುವುದೇ ಇಲ್ಲ. 20 ಲೀಟರಿನ ಪೇಂಟ್ ಬಕೆಟ್ 12 ಇಂಚಿನ ಕುಂಡಕ್ಕೆ ಸಮ. ಚೆನ್ನಾಗಿ ಉಜ್ಜಿ ತೊಳೆದು, ತಳದಲ್ಲಿ 10–12 ಮಿಲಿಮೀಟರಿನ ಆರು ತೂತು ಕೊರೆಯಿರಿ.

ತೂತಿನ ಮೇಲೆ ಒಂದು ಹೆಂಚಿನ ಚೂರು ಅಥವಾ ಸೊಳ್ಳೆಪರದೆಯ ತುಂಡು ಸಾಕು. ತಳಕ್ಕೆ ಎರಡಿಂಚು ಜಲ್ಲಿ ಹಾಕಿದರೆ ನೀರು ಬೇಗ ಇಳಿಯುತ್ತದೆ ಎನ್ನುವುದು ತಪ್ಪು. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಕಣದ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮಣ್ಣು ತೊಟ್ಟಿಕ್ಕುವಷ್ಟು ನೆನೆಯುವ ತನಕ ನೀರು ಜಲ್ಲಿಯ ಮೇಲೆಯೇ ನಿಲ್ಲುತ್ತದೆ. ಜಲ್ಲಿ ಹಾಕಿದಷ್ಟೂ ಆ ಒದ್ದೆ ಪದರ ಮೇಲಕ್ಕೆ ಬಂದು ಬೇರಿಗೆ ಹತ್ತಿರವಾಗುತ್ತದೆ. ನೀರು ಇಳಿಯಬೇಕಾದರೆ ಮಣ್ಣೇ ಸಡಿಲವಾಗಿರಬೇಕು.

ಮಿಶ್ರಣಕ್ಕೆ 10 ಲೀಟರ್ ಬಕೆಟ್ ಅಳತೆ: ಜರಡಿ ಹಿಡಿದ ಕೆಂಪು ಮಣ್ಣು 9 ಬಕೆಟ್, ನೆನೆಸಿ ಅರಳಿದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) 9, ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 9, ದಪ್ಪ ಮರಳು 4½. ಕೂಡಿಸಿದರೆ 315 ಲೀಟರ್ ಎನಿಸುತ್ತದೆ. ಆದರೆ ಮರಳು, ಮಣ್ಣು ಕೋಕೋಪೀಟಿನ ಸಂದಿಗೆ ಇಳಿದು, ನೀರು ಹಾಕಿದ ಮೇಲೆ ಕುಸಿದು, 260 ಲೀಟರಿಗೆ ಸ್ವಲ್ಪ ಮಿಕ್ಕಷ್ಟೇ ಉಳಿಯುತ್ತದೆ. ಇದಕ್ಕೆ ಬೇವಿನ ಹಿಂಡಿ 800 ಗ್ರಾಂ, ಮೂಳೆ ಪುಡಿ 500 ಗ್ರಾಂ ಬೆರೆಸಿ, ತುಸು ತೇವ ಮಾಡಿ ಹತ್ತು ದಿನ ಮುಚ್ಚಿಡಿ. ಹಿಂಡಿ ಕಳಿಯುವಾಗ ಬರುವ ಬಿಸಿ ಹೊಸ ಸಸಿಯ ಬೇರಿಗೆ ತಾಗಬಾರದು.

5 ಕೆಜಿ ಕೋಕೋಪೀಟ್ ಇಟ್ಟಿಗೆ ಅರಳಿದರೆ 60 ಲೀಟರಿಗಿಂತ ಹೆಚ್ಚಾಗುತ್ತದೆ, ಒಂದೂವರೆ ಇಟ್ಟಿಗೆ ಸಾಕು. ನೆನೆಸಿದ ನೀರನ್ನು ಎರಡು ಮೂರು ಸಲ ಹಿಂಡಿ ಚೆಲ್ಲಿ. ತೆಂಗಿನ ನಾರಿನಲ್ಲಿರುವ ಉಪ್ಪು ಹೋಗದಿದ್ದರೆ ಸಸಿಯ ಎಲೆಯಂಚು ಸುಟ್ಟಂತಾಗುತ್ತದೆ. ಮರಳಿನ ಬದಲು ಎಂ-ಸ್ಯಾಂಡ್ ಬಳಸುವವರು ಅದರ ಕಲ್ಲುಪುಡಿ ತೊಳೆದು ಹೋಗುವ ತನಕ ನೀರು ಹಾಯಿಸಿ. ಆ ಪುಡಿ ತಳಕ್ಕಿಳಿದು ಸಿಮೆಂಟಿನ ಹಾಗೆ ಕೂರುತ್ತದೆ.

ಯಾವ ಹೂವು ಎಲ್ಲಿ

ಉತ್ತರ–ಪಶ್ಚಿಮ ಮೂಲೆಯಲ್ಲಿ ಒಂದು 16 ಇಂಚಿನ ಕುಂಡ, 'ಎಲ್'ನ ಎರಡು ತುದಿಗಳಲ್ಲಿ ಒಂದೊಂದು. ನಡುವೆ ಮೂರು ಮೂರು 12 ಇಂಚಿನವು. ಅವುಗಳ ಮುಂದೆ ಚಿಕ್ಕ ಕುಂಡಗಳು, ತೊಟ್ಟಿಗಳು. ಗೋಡೆಗೂ ಕುಂಡಕ್ಕೂ ಆರಿಂಚು ಬಿಡಿ, ಕಸ ಗುಡಿಸಲು, ನೀರು ಹರಿಯಲು. ಎಲ್ಲ ಕುಂಡಗಳ ಕೆಳಗೂ ಇಟ್ಟಿಗೆ ಕೊಟ್ಟು ಎರಡಿಂಚು ಎತ್ತರಿಸಿ. ಇಲ್ಲದಿದ್ದರೆ ತೂತು ನೆಲಕ್ಕೆ ಅಂಟಿ ಮುಚ್ಚುತ್ತದೆ, ತಾರಸಿಯೂ ಸದಾ ಒದ್ದೆ. ನಡುಸಾಲಿನ ಒಂದೆರಡು ಕುಂಡಗಳಿಗೆ ಸಿಮೆಂಟ್ ಬ್ಲಾಕ್ ಕೊಟ್ಟು ಇನ್ನಷ್ಟು ಮೇಲೆತ್ತಿದರೆ ಏರುತಗ್ಗು ತಾನಾಗಿ ಬರುತ್ತದೆ. ಮುಂಭಾಗದಿಂದ ಗೋಡೆಯವರೆಗೆ ಎರಡೂವರೆ ಅಡಿ ಮೀರದಿರಲಿ, ಹಿಂದಿನ ಗಿಡದ ಒಣಹೂವು ಕೀಳಲು ಕೈ ನಿಲುಕಬೇಕು.

ಹಿಂದಿನ ಸಾಲಿಗೆ ಗುಲಾಬಿ ಬಣ್ಣದ ಕಾಸ್ಮೋಸ್, ಡೇರೆ, ಹಾಲಿಹಾಕ್, ಒಂದು ಪನ್ನೀರು ಗುಲಾಬಿ. ನಡುವೆ ಜಿನಿಯಾ, ಆಸ್ಟರ್, ಸೇವಂತಿಗೆ, ಕರ್ಣಕುಂಡಲ, ಡಯಾಂಥಸ್, ನೀಲಿ ಸಾಲ್ವಿಯಾ. ಮುಂದೆ ಇಳಿಬೀಳಲು ಅಲಿಸಮ್, ಪೆಟೂನಿಯಾ, ನಸ್ಟರ್ಷಿಯಂ, ಟೇಬಲ್ ರೋಸ್. ಆಸ್ಟರ್ ಬೀಜಕ್ಕೆ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಕಾಮಿನಿ, ಪೂರ್ಣಿಮಾ, ಶಶಾಂಕ್ ತಳಿಗಳನ್ನು ಕೇಳಿ. ಸಸಿಯೇ ಬೇಕಾದರೆ ಲಾಲ್‌ಬಾಗಿನ ಪಕ್ಕದ ಸಿದ್ದಾಪುರದ ನರ್ಸರಿಗಳಲ್ಲಿ ಒಂದು ಸುತ್ತು ಹಾಕಿ. ಹೂವು ತುಂಬಿದ ಸಸಿ ಆರಿಸಬೇಡಿ. ಮೊಗ್ಗು ಕಾಣಿಸಿಕೊಳ್ಳುತ್ತಿರುವ, ಬುಡದಲ್ಲೇ ಕವಲೊಡೆದ ಗಿಡ್ಡ ಸಸಿ ಸ್ವಲ್ಪ ತಡವಾಗಿ ಅರಳಿದರೂ ಹೆಚ್ಚು ಕಾಲ ನಿಲ್ಲುತ್ತದೆ.

ವಿದೇಶಿ ಚಿತ್ರಗಳಲ್ಲಿ ಕಾಣುವ ಫಾಕ್ಸ್‌ಗ್ಲೋವ್, ಡೆಲ್ಫಿನಿಯಂ, ಪಿಯೋನಿಗಳಿಗೆ ಇಲ್ಲಿನ ಚಳಿ ಸಾಲದು. ಅವುಗಳ ಬೆನ್ನು ಹತ್ತಬೇಡಿ. ಕಡ್ಡಿಯಂತೆ ನೇರ ಏರುವ ಹೂಗೊಂಚಲು ಬೇಕಾದರೆ ಏಂಜೆಲೋನಿಯಾ ಇದೆ, ಬೇಸಿಗೆಯನ್ನೂ ತಡೆಯುತ್ತದೆ. ಲ್ಯಾವೆಂಡರಿನ ಬೂದುಬಣ್ಣ ಮತ್ತು ಪರಿಮಳದ ಜಾಗಕ್ಕೆ ನಮ್ಮ ದವನಕ್ಕಿಂತ ಒಳ್ಳೆಯದು ಇಲ್ಲ. ನವೆಂಬರಿನಲ್ಲಿ ಬಿತ್ತಿದರೆ ಕೆಂಪು, ಗುಲಾಬಿ ಹೂಗಳ ನಡುವೆ ಬೂದುಹಸಿರಿನ ಮೋಡದಂತೆ ತುಂಬುತ್ತದೆ, ಕೈ ಸೋಕಿದರೆ ಘಮ. ಒಂದು ಹಿಡಿ ಸಬ್ಬಸಿಗೆ, ಒಂದು ಹಿಡಿ ಕೊತ್ತಂಬರಿ ಬೀಜವನ್ನೂ ಸಂದಿಗೆ ಉದುರಿಸಿ, ಕೀಳದೆ ಹೂವಿಗೆ ಬಿಡಿ. ಕೊಡೆಯಂಥ ಅವುಗಳ ಹೂಗೊಂಚಲಿಗೆ ಬರುವ ಹೂನೊಣಗಳ ಮರಿಗಳು ಸಸ್ಯಹೇನು ತಿನ್ನುತ್ತವೆ.

ಬಣ್ಣದಲ್ಲಿ ಕೈ ಬಿಗಿಯಿರಲಿ. ಎರಡು ಮುಖ್ಯ ಬಣ್ಣ, ಜೊತೆಗೆ ಬಿಳಿ. ಒಂದೇ ಗಿಡ ಕಡೇಪಕ್ಷ ಮೂರು ಕುಂಡಗಳಲ್ಲಿ ಮರುಕಳಿಸಬೇಕು. ಬಿಳಿ ಅಲಿಸಮ್ ಅಲ್ಲಲ್ಲಿ ಕಂಡರೆ ಬೇರೆ ಬೇರೆ ಕುಂಡಗಳು ಒಂದೇ ತೋಟವಾಗಿ ಕೂಡಿಕೊಳ್ಳುತ್ತವೆ.

ಬಣ್ಣಕ್ಕಿಂತ ಮುಖ್ಯವಾದ ಜೋಡಣೆ ನೀರಿನದು. ಕರ್ಣಕುಂಡಲ, ಪೆಟೂನಿಯಾ, ಆಸ್ಟರ್, ಡೇರೆ ನೀರು ಬೇಡುವ ಗಿಡಗಳು. ಟೇಬಲ್ ರೋಸ್, ನಿತ್ಯಪುಷ್ಪ, ಗೈಲಾರ್ಡಿಯಾ, ದೊಡ್ಡಪತ್ರೆ ಒಣಮಣ್ಣಿನವು. ಈ ಎರಡು ಗುಂಪು ಒಂದೇ ಕುಂಡದಲ್ಲಿ ಸೇರಿದರೆ ಒಂದು ಕೊಳೆಯುತ್ತದೆ, ಇಲ್ಲವೇ ಇನ್ನೊಂದು ಬಾಡುತ್ತದೆ.

ಒಂದು ಕುಂಡ, ಹತ್ತು ಸಸಿ

ಅಕ್ಟೋಬರಿನಲ್ಲಿ ನೆಡುವ 16 ಇಂಚಿನ ಕುಂಡವೊಂದನ್ನು ಉದಾಹರಣೆಗೆ ತೆಗೆದುಕೊಳ್ಳಿ. ಸ್ನ್ಯಾಪ್‌ಡ್ರ್ಯಾಗನ್ 3, ಡಯಾಂಥಸ್ 3, ಅಲಿಸಮ್ 4.

ಮಣ್ಣನ್ನು ಕಂಠದಿಂದ ಒಂದೂವರೆ ಇಂಚು ಕೆಳಗಿನವರೆಗೆ ತುಂಬಿ, ಕುಂಡವನ್ನು ನೆಲಕ್ಕೆ ಎರಡು ಸಲ ಕುಟ್ಟಿ, ನೀರು ಹಾಕಿ ಒಂದು ರಾತ್ರಿ ಬಿಡಿ. ಮಣ್ಣು ಕುಸಿದಲ್ಲಿ ಮತ್ತೆ ತುಂಬಿ. ಆಸರೆ ಕೋಲುಗಳನ್ನು ಈಗಲೇ ಊರಿ, ಮೂರಡಿಯ ಮೂರು ಬಿದಿರು ಕಡ್ಡಿ. ಗಿಡ ಬೆಳೆದ ಮೇಲೆ ಚುಚ್ಚಿದರೆ ಬೇರು ಹರಿಯುತ್ತದೆ. ಸಸಿ ನೆಡುವುದು ಸಂಜೆ, ಬಿಸಿಲು ಇಳಿದ ಮೇಲೆ. ಟ್ರೇಗೆ ಒಂದು ಗಂಟೆ ಮೊದಲು ನೀರು ಹಾಕಿದ್ದರೆ ಬೇರಿನ ಗಡ್ಡೆ ಒಡೆಯದೆ ಬರುತ್ತದೆ. ಕಾಂಡ ಹಿಡಿದು ಎಳೆಯಬೇಡಿ. ಟ್ರೇಯ ತಳ ಒತ್ತಿ, ಎಲೆ ಹಿಡಿದು ಎತ್ತಿ.

ಸ್ನ್ಯಾಪ್‌ಡ್ರ್ಯಾಗನ್ ಮೂರನ್ನು ಕುಂಡದ ನಡುವೆ, ಒಂದರಿಂದ ಒಂದಕ್ಕೆ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ದೂರದಲ್ಲಿ, ಮುಕ್ಕೋಣವಾಗಿ. ಕುಂಡ ಗೋಡೆಯ ಪಕ್ಕದಲ್ಲಿದ್ದರೆ ಮುಕ್ಕೋಣವನ್ನು ಗೋಡೆಯ ಕಡೆಗೆ ಸರಿಸಿ. ಡಯಾಂಥಸ್ ಅವುಗಳ ಮುಂದಿನ ಸಂದಿಗಳಲ್ಲಿ. ಅಲಿಸಮ್ ಕಂಠದ ಅಂಚಿಗೆ, ಬೇರಿನ ಗಡ್ಡೆಯನ್ನು ತುಸು ಹೊರಕ್ಕೆ ವಾಲಿಸಿ. ಮೊದಲ ದಿನ ಬರಿಮಣ್ಣು ಸಾಕಷ್ಟು ಕಾಣುತ್ತದೆ. ಇನ್ನೂ ನಾಲ್ಕು ಸಸಿ ತುರುಕುವ ಆಸೆಯಾಗುತ್ತದೆ, ಆದರೆ ಅಲ್ಲಿಗೇ ನಿಲ್ಲಿಸಿ. ಆರು ವಾರದಲ್ಲಿ ಮಣ್ಣು ಮುಚ್ಚುತ್ತದೆ. ಅದಕ್ಕಿಂತ ಒತ್ತಾದರೆ ಎಲೆಗಳ ನಡುವೆ ಗಾಳಿಯಾಡದೆ ನಡುಗಿಡಗಳ ಕೆಳಎಲೆ ಕೊಳೆಯಲು ಶುರುವಾಗುತ್ತದೆ. ಸ್ನ್ಯಾಪ್‌ಡ್ರ್ಯಾಗನ್ ನಾಲ್ಕು ಜೋಡಿ ಎಲೆ ಬಿಟ್ಟಾಗ ಕುಡಿ ಚಿವುಟಿ. ಒಂದು ಕಡ್ಡಿಯ ಬದಲು ನಾಲ್ಕೈದು ಬರುತ್ತವೆ, ಹೂವು ಎರಡು ವಾರ ತಡವಾಗುತ್ತದೆ.

ಯಾವಾಗ ಬಿತ್ತಬೇಕು

ಹೂವು ಬೇಕಾದ ದಿನವನ್ನು ಮೊದಲು ಗೊತ್ತುಮಾಡಿ, ಅಲ್ಲಿಂದ ಹಿಂದಕ್ಕೆ ಎಣಿಸಿ. ಜನವರಿ 26ರ ಲಾಲ್‌ಬಾಗ್ ಪ್ರದರ್ಶನದ ಹಾಸುಗಳು ಅದೇ ವಾರಕ್ಕೆ ಅರಳುವುದು ಈ ಎಣಿಕೆಯಿಂದಲೇ. ಬೀಜದಿಂದ ಮೊದಲ ಹೂವಿಗೆ ಅಲಿಸಮ್ ಏಳು ವಾರ, ಜಿನಿಯಾ, ಕಾಸ್ಮೋಸ್, ಕರ್ಣಕುಂಡಲ ಎಂಟು ವಾರ, ಚೆಂಡುಹೂವು ಒಂಬತ್ತು, ಪೆಟೂನಿಯಾ, ಡಯಾಂಥಸ್ ಹನ್ನೆರಡು, ಆಸ್ಟರ್, ಸ್ನ್ಯಾಪ್‌ಡ್ರ್ಯಾಗನ್ ಹದಿನಾಲ್ಕರಿಂದ ಹದಿನಾರು. ಆಯುಧಪೂಜೆಗೆ ನಿಮ್ಮದೇ ಚೆಂಡುಹೂವು ಬೇಕಾದರೆ ಹಬ್ಬಕ್ಕೆ ಎಪ್ಪತ್ತು ದಿನ ಮೊದಲು ಬೀಜ ಮಣ್ಣಿನಲ್ಲಿರಬೇಕು.

ಮಳೆಗಾಲದ ಕಂತು ಮೇ ಕೊನೆ, ಜೂನ್: ಕರ್ಣಕುಂಡಲ, ಚೆಂಡುಹೂವು, ಕಿತ್ತಳೆ ಬಣ್ಣದ ಕಾಸ್ಮೋಸ್. ಗೌರಿ ಗಣೇಶ ಹಬ್ಬಕ್ಕೆ ಹೂವು ಸಿಗುತ್ತದೆ. ಸೇವಂತಿಗೆಯ ಕಡ್ಡಿ, ಬುಡದ ಮರಿ ನೆಡುವುದೂ ಆಗಲೇ.

ಎರಡನೆಯದು ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್. ವರ್ಷದ ದೊಡ್ಡ ಕಂತು ಇದು: ಪೆಟೂನಿಯಾ, ಫ್ಲಾಕ್ಸ್, ಡಯಾಂಥಸ್, ಸ್ನ್ಯಾಪ್‌ಡ್ರ್ಯಾಗನ್, ಅಲಿಸಮ್, ನಸ್ಟರ್ಷಿಯಂ, ಹಾಲಿಹಾಕ್, ಗುಲಾಬಿ ಕಾಸ್ಮೋಸ್. ಆದರೆ ಬೆಂಗಳೂರಿನಲ್ಲಿ ಮಳೆ ಅತಿ ಜೋರು ಸುರಿಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲೇ. ಟ್ರೇಗಳು ಸಜ್ಜೆಯ ಕೆಳಗೆ, ಬೆಳಕಿರುವ ಕಡೆ ಇರಬೇಕು. 98 ಗುಳಿಯ ಪ್ರೋಟ್ರೇಯಲ್ಲಿ ಕೋಕೋಪೀಟ್, ಎರೆಗೊಬ್ಬರ ಮೂರಕ್ಕೊಂದರಂತೆ. ಪೆಟೂನಿಯಾ ಮತ್ತು ಸ್ನ್ಯಾಪ್‌ಡ್ರ್ಯಾಗನ್ ಬೀಜ ಧೂಳಿನಷ್ಟು ಸಣ್ಣ, ಮೊಳೆಯಲು ಬೆಳಕು ಬೇಕು. ಒಣ ಮರಳಿನಲ್ಲಿ ಬೆರೆಸಿ ಉದುರಿಸಿ, ಮಣ್ಣು ಮುಚ್ಚಬೇಡಿ, ಟ್ರೇಯನ್ನು ನೀರಿನ ತಟ್ಟೆಯಲ್ಲಿಟ್ಟು ತಳದಿಂದ ನೆನೆಸಿ. ಬಟಾಣಿ ಗಾತ್ರದ ನಸ್ಟರ್ಷಿಯಂ ಬೀಜವನ್ನು ಒಂದು ರಾತ್ರಿ ನೆನೆಸಿ ನೇರ ಕುಂಡಕ್ಕೇ ಊರಿ, ಅದಕ್ಕೆ ಜಾಗ ಬದಲಾಯಿಸುವುದು ಆಗದು.

ಮೂರನೆಯದು ಫೆಬ್ರುವರಿ: ಟೇಬಲ್ ರೋಸ್ ಕಡ್ಡಿ, ನಿತ್ಯಪುಷ್ಪ, ಗೈಲಾರ್ಡಿಯಾ, ಗಾಂಫ್ರೀನಾ, ಇನ್ನೊಂದು ಸಲ ಜಿನಿಯಾ. ಮಾರ್ಚ್ ನಡುವೆ ಪೆಟೂನಿಯಾ ಕಾಲು ಚಾಚಿದಾಗ ಇವು ಆ ಜಾಗಕ್ಕೆ ಬರುತ್ತವೆ. ಈ ಕಂತು ಮರೆತವರ ತೋಟ ಏಪ್ರಿಲಿನಲ್ಲಿ ಬರಿ ಕುಂಡ.

ಸೇವಂತಿಗೆಗೆ ಒಂದು ಎಚ್ಚರ. ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವ ಗಿಡ ಅದು. ರಾತ್ರಿಯೆಲ್ಲ ಉರಿಯುವ ಟೆರೇಸ್ ಲೈಟ್ ಅಥವಾ ಬೀದಿದೀಪದ ಬೆಳಕು ಮೇಲೆ ಬೀಳುತ್ತಿದ್ದರೆ, ಗಿಡ ಎಲೆ ಬಿಡುತ್ತ ಹೋಗುತ್ತದೆಯೇ ಹೊರತು ಮೊಗ್ಗಿಡುವುದಿಲ್ಲ. ಸೆಪ್ಟೆಂಬರಿನಿಂದ ಆ ಕುಂಡವನ್ನು ಕತ್ತಲ ಮೂಲೆಗೆ ಸರಿಸಿ.

ಡೇರೆ

ಮಲೆನಾಡಿನವರ ಈ ಹೂವಿಗೆ ಪ್ರತ್ಯೇಕ ಮಾತು ಬೇಕು. ಊರಿಂದ ಗೆಡ್ಡೆ ತರುವಾಗ ಗೊಂಚಲಿನ ಒಂದು ಬೆರಳು ಮುರಿದುಕೊಂಡು ಬಂದರೆ ಪ್ರಯೋಜನವಿಲ್ಲ. ಮೊಳಕೆಯ ಕಣ್ಣಿರುವುದು ಗೆಡ್ಡೆಯಲ್ಲಲ್ಲ, ಹಳೆಯ ಕಾಂಡದ ಬುಡದಲ್ಲಿ. ಕಾಂಡದ ಚೂರು ಅಂಟಿಕೊಂಡ, ಕಣ್ಣು ಕಾಣುವ ಗೆಡ್ಡೆಯೇ ಬೇಕು. ಮುಂಗಾರಿನ ಹೊತ್ತಿಗೆ, 12 ಇಂಚು ಅಥವಾ ಅದಕ್ಕೂ ದೊಡ್ಡ ಕುಂಡಕ್ಕೆ ಒಂದೇ ಗೆಡ್ಡೆ. ಪಕ್ಕಕ್ಕೆ ಕೋಲು ಊರಿ, ಗೆಡ್ಡೆಯನ್ನು ಅಡ್ಡ ಮಲಗಿಸಿ, ಕಣ್ಣು ಮೇಲ್ಮುಖವಾಗಿ, ನಾಲ್ಕಿಂಚು ಮಣ್ಣು ಮುಚ್ಚಿ. ಮೊಳಕೆ ಮಣ್ಣಿನಿಂದ ಹೊರಬರುವ ತನಕ ನೀರು ಬೇಡ, ಮಣ್ಣಿನ ತೇವವೇ ಸಾಕು. ಹೆಚ್ಚಿನ ಡೇರೆಗಳು ಸಾಯುವುದು ಈ ಹದಿನೈದು ದಿನಗಳ ಅತಿನೀರಿನಿಂದ. ಮಳೆ ಹಿಡಿದರೆ ಕುಂಡವನ್ನು ಸೂರಿನ ಕೆಳಗಿಡಿ.

ಗಿಡ ಒಂದಡಿಯಾದಾಗ ಕುಡಿ ಚಿವುಟಿ. ದೊಡ್ಡ ಹೂವು ಬೇಕಾದರೆ ಮೂರು ಮೊಗ್ಗಿನ ಗುಂಪಿನಲ್ಲಿ ಪಕ್ಕದ ಎರಡನ್ನು ತೆಗೆಯಿರಿ. ಎಲೆ ಹಳದಿಯಾಗಿ ಒಣಗಿದ ಮೇಲೆ ನೀರು ನಿಲ್ಲಿಸಿ, ಕಾಂಡವನ್ನು ನಾಲ್ಕು ಬೆರಳು ಬಿಟ್ಟು ಕತ್ತರಿಸಿ, ಗೆಡ್ಡೆ ತೆಗೆದು ಒಣ ಮರಳಿನಲ್ಲಿ ಹುದುಗಿಸಿ ನೆರಳಿನಲ್ಲಿಡಿ. ನರ್ಸರಿಗಳಲ್ಲಿ ಚಳಿಗಾಲಕ್ಕೆ ಸಿಗುವ ಗಿಡ್ಡ ಡೇರೆ ಬೀಜದಿಂದ ಬಂದದ್ದು. ನಡುಸಾಲಿಗೆ ಅದು ಹೊಂದುತ್ತದೆ.

ನೀರು, ಗೊಬ್ಬರ, ಕತ್ತರಿ

ಬೆರಳನ್ನು ಎರಡು ಗೆಣ್ಣಿನಷ್ಟು ಒಳಗೆ ಇಳಿಸಿ. ತಣ್ಣಗೆ ಅಂಟಿದರೆ ಇವತ್ತು ನೀರು ಬೇಡ. 12 ಇಂಚಿನ ತುಂಬಿದ ಕುಂಡ ಚಳಿಗಾಲದಲ್ಲಿ ಎರಡು ದಿನಕ್ಕೊಮ್ಮೆ, ಏಪ್ರಿಲಿನಲ್ಲಿ ದಿನವೂ, ಒಂದೂವರೆಯಿಂದ ಎರಡು ಲೀಟರ್ ಕುಡಿಯುತ್ತದೆ. ತಳದಿಂದ ಸ್ವಲ್ಪ ಹೊರಬರುವಷ್ಟು ಹಾಕಿ, ದಿನಾ ಮೇಲೆ ಮೇಲೆ ಚಿಮುಕಿಸುವುದು ಬೇರನ್ನು ಮೇಲಕ್ಕೇ ಕಟ್ಟಿಹಾಕುತ್ತದೆ. ಕೋಕೋಪೀಟ್ ಪೂರ್ತಿ ಒಣಗಿ ಕುಂಡದ ಅಂಚಿನಿಂದ ಬಿಟ್ಟುಕೊಂಡರೆ, ಹಾಕಿದ ನೀರೆಲ್ಲ ಆ ಸಂದಿಯಿಂದ ಜಾರಿ ಹೋಗುತ್ತದೆ, ನಡುಮಣ್ಣು ಒಣಗಿಯೇ ಇರುತ್ತದೆ. ಆಗ ಕುಂಡವನ್ನೇ ಟಬ್ಬಿನಲ್ಲಿ ಅರ್ಧ ಗಂಟೆ ಮುಳುಗಿಸಿ.

ಬೋರ್‌ವೆಲ್ ನೀರಿನವರಿಗೆ ಕಷ್ಟ ಹೆಚ್ಚು. ಗಡಸು ನೀರಿನಿಂದ ಕುಂಡದ ಕಂಠಕ್ಕೆ ಬಿಳಿ ಉಪ್ಪು ಕಟ್ಟುತ್ತದೆ, ಪೆಟೂನಿಯಾದ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿರುತ್ತದೆ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಗಿಡಕ್ಕೆ ಸಿಗುತ್ತಿಲ್ಲ ಎಂಬ ಗುರುತು ಅದು. ಚೀಲೇಟೆಡ್ ಐರನ್ ಲೀಟರಿಗೆ ಅರ್ಧ ಗ್ರಾಂ ಕರಗಿಸಿ ಎಲೆಗೆ ಸಿಂಪಡಿಸಿ, ಮಳೆನೀರು ಹಿಡಿದಿಟ್ಟು ತಿಂಗಳಿಗೊಮ್ಮೆ ಮಣ್ಣು ತೊಳೆಯುವಷ್ಟು ಹಾಯಿಸಿ. ಆರ್‌ಒ ಯಂತ್ರ ಹೊರಬಿಡುವ ನೀರನ್ನು ಗಿಡಕ್ಕೆ ಹಾಕಬೇಡಿ. ಅದರಲ್ಲಿ ಉಪ್ಪು ಮೊದಲಿಗಿಂತ ಹೆಚ್ಚಾಗಿರುತ್ತದೆ. ಕುಂಡದಡಿ ತಟ್ಟೆ ಇಡದಿರುವುದೇ ಲೇಸು. ಇಟ್ಟರೆ ವಾರದೊಳಗೆ ಚೆಲ್ಲಿ ಉಜ್ಜಬೇಕು, ಡೆಂಗಿ ಸೊಳ್ಳೆ ಅಂಥ ನೀರಿನಲ್ಲೇ ಮರಿ ಮಾಡುತ್ತದೆ.

ನೆಟ್ಟ ಮೂರು ವಾರದ ಮೇಲೆ ಹದಿನೈದು ದಿನಕ್ಕೊಮ್ಮೆ ಊಟ: 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪ್ರಮಾಣದಲ್ಲಿರುವ, ನೀರಿನಲ್ಲಿ ಕರಗುವ ಗೊಬ್ಬರ) ಲೀಟರಿಗೆ 2 ಗ್ರಾಂ, ಇಲ್ಲವೇ 100 ಗ್ರಾಂ ಕಡಲೆಕಾಯಿ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ. ಮಣ್ಣು ಒದ್ದೆಯಿರುವಾಗ ಮಾತ್ರ ಕೊಡಿ. ನಸ್ಟರ್ಷಿಯಂ, ಕಾಸ್ಮೋಸ್‌ಗಳಿಗೆ ಈ ಊಟ ಬೇಡ, ಸಾರಜನಕ ಹೆಚ್ಚಾದರೆ ಸೊಪ್ಪು ಸೊಂಪಾಗಿ ಬೆಳೆದು ಹೂವು ಕೈಕೊಡುತ್ತದೆ.

ವಾರಕ್ಕೆರಡು ಸಲ ಕತ್ತರಿ ಹಿಡಿದು ಹೋಗಿ. ಬಾಡಿದ ಹೂವನ್ನು ಬರೀ ದಳ ಕಿತ್ತರೆ ಸಾಲದು, ಅದರ ಕೆಳಗಿನ ಎಲೆಗೆಣ್ಣಿನವರೆಗೆ ಕತ್ತರಿಸಿ. ಪೆಟೂನಿಯಾದಲ್ಲಿ ದಳದ ಹಿಂದಿನ ಪುಟ್ಟ ಹಸಿರು ಬೀಜಕಾಯಿ ಉಳಿದರೆ ಗಿಡ ಬೀಜ ಕಟ್ಟಲು ತೊಡಗಿ ಹೂವು ನಿಲ್ಲಿಸುತ್ತದೆ. ಅಲಿಸಮ್ ಸಪ್ಪೆಯಾದಾಗ ಅರ್ಧಕ್ಕೆ ಕತ್ತರಿಸಿ, ಮೂರು ವಾರದಲ್ಲಿ ಮತ್ತೆ ಬಿಳಿಯಾಗುತ್ತದೆ. ಹಾಲಿಹಾಕ್ ಕುಡಿಯನ್ನು ಮಾತ್ರ ಚಿವುಟಬೇಡಿ, ಅದರ ಚೆಲುವೇ ಆ ಒಂಟಿ ಕಂಬ.

ಕೆಡುವುದು ಎಲ್ಲಿ

ಟ್ರೇಯಲ್ಲಿ ಸಸಿ ಮಣ್ಣಿನ ಮಟ್ಟದಲ್ಲಿ ಸಣ್ಣದಾಗಿ ಮುರಿದು ಬಿದ್ದರೆ ಬುಡಕೊಳೆ. ಅತಿನೀರು, ಗಾಳಿಯಿಲ್ಲದ ಜಾಗ ಕಾರಣ. ಬಿದ್ದ ಸಸಿಯನ್ನು ಮಿಶ್ರಣ ಸಮೇತ ತೆಗೆದು, ಎರಡು ದಿನ ನೀರು ನಿಲ್ಲಿಸಿ. ಮಾರ್ಚಿನಲ್ಲಿ ಚೆಂಡುಹೂವಿನ ಎಲೆ ಮಂಕಾಗಿ, ಅಡಿಯಲ್ಲಿ ಸಣ್ಣ ಬಲೆ ಕಂಡರೆ ಕೆಂಪು ನುಸಿ. ಒಣಹವೆಯ ಪೀಡೆ ಅದು. ಎಲೆಯ ಅಡಿಭಾಗಕ್ಕೆ ಮೂರು ದಿನ ಬಿಡದೆ ಜೋರಾಗಿ ನೀರು ಹೊಡೆಯಿರಿ, ಆಮೇಲೆ ಬೇವಿನೆಣ್ಣೆ 5 ಮಿಲಿ, ದ್ರವ ಸಾಬೂನು 1 ಮಿಲಿ ಒಂದು ಲೀಟರ್ ನೀರಿಗೆ ಕಲಸಿ ಸಂಜೆ ಸಿಂಪಡಿಸಿ. ಬಿಸಿಲಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ. ಹಿಟ್ಟುತಿಗಣೆಗೂ ಇದೇ ಮದ್ದು, ಆದರೆ ಮೊದಲು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಬಿಳಿ ಮೇಣ ತೆಗೆಯಬೇಕು. ನವೆಂಬರಿನ ಜಿನಿಯಾ, ಡೇರೆಗೆ ಬರುವ ಬೂದಿರೋಗಕ್ಕೆ ಒತ್ತೊತ್ತು ನಾಟಿಯೇ ಅರ್ಧ ಕಾರಣ. ಕೆಳಗಿನ ಎಲೆ ಬಿಡಿಸಿ ಗಾಳಿ ಆಡಿಸಿ.

ಬೆಳೆದು ನಿಂತ ಆಸ್ಟರ್ ಒಂದೇ ದಿನ ಒಂದು ಮಗ್ಗುಲಿಗೆ ಬಾಡಿ, ಬುಡದ ಕಾಂಡ ಸೀಳಿದರೆ ಒಳಗೆ ಕಂದು ಗೆರೆ ಕಂಡರೆ ಅದು ಸೊರಗು ರೋಗ. ಗಿಡ ಉಳಿಯುವುದಿಲ್ಲ. ಆ ಮಣ್ಣಿನಲ್ಲಿ ಮತ್ತೆ ಆಸ್ಟರ್ ನೆಡಬೇಡಿ, ಬೇರೆ ಜಾತಿಗೆ ಬಳಸಿ. ಮಳೆಗಾಲದ ರಾತ್ರಿ ಸಸಿಯನ್ನೇ ಬೋಳಿಸುವ ದೊಡ್ಡ ಬಸವನಹುಳುಗಳಿಗೆ ಸಂಜೆ ಪಪ್ಪಾಯ ಎಲೆ ಅಥವಾ ಎಲೆಕೋಸಿನ ತುಂಡು ಹರಡಿ, ಕೈಗವಸು ಹಾಕಿ ಆರಿಸಿ ತೆಗೆಯಿರಿ. ಪಾರಿವಾಳಗಳು ಹೊಸ ಸಸಿ ಕೀಳುವ ಕಡೆ ಮೊದಲ ಹದಿನೈದು ದಿನ ಕುಂಡದ ತುಂಬ ಪೊರಕೆಕಡ್ಡಿ ಚುಚ್ಚಿಡಿ.

ಕಂತು ಮುಗಿದ ಕುಂಡದ ಮಣ್ಣನ್ನು ಎಸೆಯಬೇಡಿ. ರೋಗವಿಲ್ಲದ್ದಾದರೆ ಬೇರು ಕೊಡವಿ, ಬೇಸಿಗೆಯಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳ್ಳಗೆ ಹರಡಿ ನಾಲ್ಕು ದಿನ ಒಣಗಿಸಿ, ಮೂರು ಪಾಲಿಗೆ ಒಂದು ಪಾಲು ಎರೆಗೊಬ್ಬರ, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ ಸೇರಿಸಿ. ಕೊನೆಯ ತಿಂಗಳಲ್ಲಿ ಜಿನಿಯಾ, ಕಾಸ್ಮೋಸ್, ಕರ್ಣಕುಂಡಲದ ಚೆಲುವಾದ ಗಿಡ ಒಂದೊಂದಕ್ಕೆ ದಾರ ಕಟ್ಟಿ ಬೀಜಕ್ಕೆ ಬಿಡಿ. ಕರ್ಣಕುಂಡಲದ ಕಾಯಿ ಮುಟ್ಟಿದ ಕೂಡಲೇ ಸಿಡಿಯುತ್ತದೆ. ತಿಳಿಹಳದಿಗೆ ತಿರುಗುವಾಗಲೇ ಕಾಗದದ ಲಕೋಟೆ ತೊಡಿಸಿ ಹಿಸುಕಿ. ಪ್ಯಾಕೆಟ್ಟಿನ ಮೇಲೆ ಎಫ್1 (ಮೊದಲ ತಲೆಮಾರಿನ ಮಿಶ್ರತಳಿ) ಎಂದಿದ್ದ ಪೆಟೂನಿಯಾ, ಚೆಂಡುಹೂವಿನ ಬೀಜ ಎತ್ತಿಟ್ಟರೆ ತಾಯಿಯ ಹಾಗೇ ಬರುವುದಿಲ್ಲ, ಅದನ್ನು ಹೊಸದಾಗಿಯೇ ಕೊಳ್ಳಿ. ಉಳಿದ ಬೀಜವನ್ನು ನೆರಳಲ್ಲಿ ಒಂದು ವಾರ ಒಣಗಿಸಿ, ಲಕೋಟೆಯ ಮೇಲೆ ಹೆಸರು, ಬಣ್ಣ, ತಿಂಗಳು ಬರೆದು, ಬಿಗಿಮುಚ್ಚಳದ ಡಬ್ಬಿಯಲ್ಲಿ ತಂಪಾದ ಕಡೆ ಇಡಿ.